ಮೆಡಿಕೇರ್ ಮತ್ತು ಮೆಡಿ-ಕ್ಯಾಲ್ ಎರಡೂ ಇರುವ ಹಿರಿಯರಿಗೆ ಸಿಗುವ ಸೇವೆ: ಒಂದು ವಿಮರ್ಶೆ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ನಮ್ಮ ಜೊತೆ ವಾಸವಾಗಿರುವ ನನ್ನ ತಾಯಿಯವರಿಗೆ ಮೆಡಿಕೇರ್ ಮತ್ತು ಮೆಡಿ-ಕ್ಯಾಲ್ ಎಂಬ ಎರಡು ಸರ್ಕಾರಿ ಆರೋಗ್ಯ ವಿಮೆಗಳು ಏಕಕಾಲಕ್ಕೆ ಇವೆ. ಮೊದಲು ಎರಡನ್ನೂ ಬೇರೆ ಬೇರೆಯಾಗಿಯೇ ಬಳಸಿದೆವು. ಆಮೇಲೆ ಎರಡನ್ನೂ ಒಂದೇ ಸಂಸ್ಥೆ ನಡೆಸುವ, ಇಲ್ಲಿ ಮೆಡಿ-ಮೆಡಿ ಪ್ಲಾನ್ ಎಂದು ಕರೆಯುವ ಜೋಡಿ ಯೋಜನೆಗೆ ಸೇರಿಸಿದೆವು. ಎರಡು ವ್ಯವಸ್ಥೆಗಳನ್ನೂ ಹತ್ತಿರದಿಂದ ಕಂಡ ಮೇಲೆ ನನ್ನ ಅಭಿಪ್ರಾಯ ಇಷ್ಟು: ಆದಾಯ ಕಡಿಮೆಯಿರುವ ಹಿರಿಯರಿಗೆ ಈ ದೇಶದಲ್ಲಿ ಇದಕ್ಕಿಂತ ಹೆಚ್ಚಿನ ರಕ್ಷಣೆ ಬೇರೆಲ್ಲೂ ಸಿಗಲಾರದು, ಆದರೆ ಎರಡು ವಿಮೆಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವನ್ನು ಸರ್ಕಾರ ಬಹುಮಟ್ಟಿಗೆ ಮನೆಯವರ ಹೆಗಲಿಗೇ ಬಿಟ್ಟಿದೆ. ಜೋಡಿ ಯೋಜನೆ ಆ ಭಾರದಲ್ಲಿ ಒಂದು ಪಾಲನ್ನು ಹೊರುತ್ತದೆ, ಪೂರ್ತಿಯನ್ನಲ್ಲ.

ಮೆಡಿಕೇರ್, ಮತ್ತು ಮೆಡಿ-ಕ್ಯಾಲ್‌ಗೆ ಮೂಲವಾದ ಮೆಡಿಕೇಡ್, ಈ ಎರಡೂ ಕಾರ್ಯಕ್ರಮಗಳು ಹುಟ್ಟಿದ್ದು ಒಂದೇ ದಿನ. 1965ರ ಜುಲೈ 30ರಂದು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಒಂದೇ ಕಾನೂನಿನಿಂದ ಎರಡೂ ಜಾರಿಗೆ ಬಂದವು. ಆದರೆ ಮೆಡಿಕೇರ್ 65 ವರ್ಷ ದಾಟಿದವರಿಗೂ ಕೆಲವು ಅಂಗವಿಕಲರಿಗೂ ಕೇಂದ್ರ ಸರ್ಕಾರ ನಡೆಸುವ ವಿಮೆ. ಮೆಡಿಕೇಡ್ ಆದಾಯ ಕಡಿಮೆಯಿರುವವರಿಗೆ ಕೇಂದ್ರದ ಹಣದ ನೆರವಿನೊಂದಿಗೆ ಆಯಾ ರಾಜ್ಯ ನಡೆಸುವ ವಿಮೆ. ಕ್ಯಾಲಿಫೋರ್ನಿಯಾದಲ್ಲಿ ಮೆಡಿಕೇಡ್‌ಗೆ ಮೆಡಿ-ಕ್ಯಾಲ್ ಎಂದು ಹೆಸರು. ವಯಸ್ಸೂ ಆಗಿ ಆದಾಯವೂ ಕಡಿಮೆಯಿದ್ದರೆ ಒಬ್ಬರಿಗೇ ಎರಡೂ ದೊರೆಯುತ್ತವೆ. ಅಮೆರಿಕದಾದ್ಯಂತ ಹೀಗೆ ಎರಡೂ ಇರುವವರು 1.2 ಕೋಟಿಗಿಂತ ಹೆಚ್ಚು, ಕ್ಯಾಲಿಫೋರ್ನಿಯಾ ಒಂದರಲ್ಲೇ 15 ಲಕ್ಷಕ್ಕಿಂತ ಹೆಚ್ಚು. ಇಷ್ಟು ಜನರಿದ್ದರೂ ಎರಡು ಇಲಾಖೆಗಳು ಪರಸ್ಪರ ಮಾತನಾಡಿಕೊಳ್ಳುವಂತೆ ಮಾಡಲೆಂದೇ ಒಂದು ಕೇಂದ್ರ ಕಚೇರಿ ಕಾನೂನಿನಲ್ಲಿ ಸ್ಥಾಪನೆಯಾದದ್ದು 2010ರಲ್ಲಿ, ಅಂದರೆ 45 ವರ್ಷಗಳ ಬಳಿಕ.

ನಮ್ಮವರ ಪೈಕಿ ಯಾರಿಗೆ ಇದು ಅನ್ವಯಿಸುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ. ಮಗನೋ ಮಗಳೋ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದಾರೆ ಎಂಬ ಕಾರಣಕ್ಕೆ ತಂದೆತಾಯಿಗೆ ಮೆಡಿಕೇರ್ ಬರುವುದಿಲ್ಲ. ಸ್ವತಃ ಅಥವಾ ಸಂಗಾತಿ ಇಲ್ಲಿ 40 ತ್ರೈಮಾಸಿಕ, ಅಂದರೆ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ಮಾತ್ರ ಆಸ್ಪತ್ರೆ ವೆಚ್ಚದ ಭಾಗವಾದ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಉಳಿದವರಲ್ಲಿ 65 ದಾಟಿದ ಪೌರರು ಮತ್ತು ಗ್ರೀನ್ ಕಾರ್ಡ್ ಪಡೆದು ಸತತ ಐದು ವರ್ಷ ಇಲ್ಲೇ ವಾಸಿಸಿದವರು ಹಣ ಕೊಟ್ಟು ಸೇರಬಹುದು. ಆ ಹಣವೇನೂ ಸಣ್ಣದಲ್ಲ: 2025ರಲ್ಲಿ ಪಾರ್ಟ್ ಎ ಪೂರ್ಣ ಪ್ರೀಮಿಯಂ ತಿಂಗಳಿಗೆ 518 ಡಾಲರ್, ವೈದ್ಯರ ಭೇಟಿ ಮತ್ತು ಹೊರರೋಗಿ ಚಿಕಿತ್ಸೆಗೆ ಸಂಬಂಧಿಸಿದ ಪಾರ್ಟ್ ಬಿ ಪ್ರೀಮಿಯಂ ತಿಂಗಳಿಗೆ 185 ಡಾಲರ್ ಇತ್ತು. ಎರಡೂ ಸೇರಿದರೆ ತಿಂಗಳಿಗೆ 703 ಡಾಲರ್. ಊರಿನಿಂದ ಬರುವ ಕುಟುಂಬ ಪಿಂಚಣಿಯೊಂದೇ ಆದಾಯವಾಗಿರುವ ವಿಧವೆಯೊಬ್ಬರು ಇದನ್ನು ಕಟ್ಟುವ ಮಾತೇ ಇಲ್ಲ.

ಮೆಡಿ-ಕ್ಯಾಲ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಎರಡೂ ಇರುವವರ ಪಾರ್ಟ್ ಬಿ ಪ್ರೀಮಿಯಂ ಅನ್ನು ರಾಜ್ಯವೇ ಕಟ್ಟುತ್ತದೆ. ಆದಾಯ ಇನ್ನೂ ಕಡಿಮೆಯಿದ್ದು ಕ್ಯೂಎಂಬಿ ಎಂಬ ಸವಲತ್ತಿಗೆ ಅರ್ಹರಾದರೆ, 2025ರ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ 1,325 ಡಾಲರ್ ಒಳಗೆ ಆದಾಯವಿದ್ದರೆ, ಪಾರ್ಟ್ ಎ ಪ್ರೀಮಿಯಂ ಕೂಡ ರಾಜ್ಯದ ಪಾಲಿಗೆ ಹೋಗುತ್ತದೆ. ಅದರ ಮೇಲೆ ಡಿಡಕ್ಟಿಬಲ್ (ವಿಮೆ ಹಣ ಕೊಡಲು ತೊಡಗುವ ಮೊದಲು ರೋಗಿಯೇ ಕೊಡಬೇಕಾದ ಮೊತ್ತ), ವೈದ್ಯರ ಬಿಲ್ಲಿನಲ್ಲಿ ರೋಗಿ ಕೊಡಬೇಕಾದ ಶೇಕಡ 20ರ ಪಾಲು, ಇವುಗಳಿಂದಲೂ ರೋಗಿಗೆ ಬಿಡುಗಡೆ. ಹಿಂದೆ ಪಾರ್ಟ್ ಎ ಪ್ರೀಮಿಯಂನ ಈ ನೆರವಿಗಾಗಿ ವರ್ಷದ ಮೊದಲ ಮೂರು ತಿಂಗಳಲ್ಲೇ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ, ರಾಜ್ಯ ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಿ ಎಂಬ ಷರತ್ತಿನ ಅರ್ಜಿ ಹಾಕಬೇಕಾಗಿತ್ತು. ಆ ಅರ್ಜಿಯ ವಿಷಯ ಗೊತ್ತಿಲ್ಲದ ಗುಮಾಸ್ತರೂ ಇರುತ್ತಿದ್ದರು. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಈ ಪದ್ಧತಿಯನ್ನು ಬದಲಿಸಿ, ಪಾರ್ಟ್ ಬಿ ಇರುವ ಅರ್ಹ ಹಿರಿಯರನ್ನು ವರ್ಷದ ಯಾವ ತಿಂಗಳಲ್ಲಾದರೂ ತಾನೇ ಪಾರ್ಟ್ ಎ ವಿಮೆಗೆ ಸೇರಿಸುವ ಒಪ್ಪಂದ ಮಾಡಿಕೊಂಡಿದೆ. ನಾನು ಕಂಡಂತೆ ಈಚಿನ ವರ್ಷಗಳಲ್ಲಿ ವಲಸಿಗ ಹಿರಿಯರಿಗೆ ಆದ ಅತ್ಯಂತ ದೊಡ್ಡ ಉಪಕಾರ ಇದು. ಇದರ ಬಗ್ಗೆ ನಮ್ಮ ಜನರ ನಡುವೆ ಮಾತೇ ಕೇಳಿಬಂದಿಲ್ಲ.

ತಾಯಿಯವರು ಅಮೆರಿಕದ ಪೌರತ್ವ ಪಡೆದ ನಂತರವೇ ನಾವು ಅರ್ಜಿ ಹಾಕಿದೆವು. ಗ್ರೀನ್ ಕಾರ್ಡ್‌ಗಾಗಿ ಮಕ್ಕಳು ಸಹಿ ಹಾಕಿಕೊಡುವ ಪೋಷಣೆಯ ಕರಾರು ಪೌರತ್ವದೊಂದಿಗೆ ಮುಗಿಯುತ್ತದೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕೆನ್ನುವವರು ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಮೆಡಿ-ಕ್ಯಾಲ್ ಅರ್ಜಿಯಲ್ಲಿ ಒಂದೇ ಮನೆಯಲ್ಲಿದ್ದರೂ ಮಕ್ಕಳ ಸಂಬಳವನ್ನು ತಾಯಿಯ ಆದಾಯವೆಂದು ಎಣಿಸುವುದಿಲ್ಲ. ಆದರೆ ಊರಿನ ಪಿಂಚಣಿ, ಬ್ಯಾಂಕ್ ಠೇವಣಿಯ ಬಡ್ಡಿ, ಮನೆ ಬಾಡಿಗೆ, ಇವು ಜಗತ್ತಿನ ಯಾವ ಮೂಲೆಯಿಂದ ಬಂದರೂ ಆದಾಯವೇ. ಮೈಸೂರಿನ ಬ್ಯಾಂಕಿನಲ್ಲಿರುವುದು ಇಲ್ಲಿಯವರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಅರ್ಜಿಯ ಕೊನೆಯಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಒಪ್ಪಿಗೆಯ ಕೆಳಗೆ ಸಹಿ ಹಾಕುವವರು ನಮ್ಮ ತಂದೆತಾಯಿಗಳೇ ಎಂಬುದನ್ನು ಅಂಥವರು ನೆನಪಿಡಬೇಕು. ನಾವು ಪಿಂಚಣಿ ಜಮೆಯಾಗುವ ಪಾಸ್‌ಬುಕ್ಕಿನ ಪುಟಗಳನ್ನು ಪ್ರತಿ ಮಾಡಿ, ರೂಪಾಯಿಯನ್ನು ಡಾಲರಿಗೆ ಪರಿವರ್ತಿಸಿದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟೆವು. ಕೌಂಟಿ ಕಚೇರಿಯವರು ಅದನ್ನು ತಕರಾರಿಲ್ಲದೆ ಸ್ವೀಕರಿಸಿದರು.

ಇನ್ನು ಸೇವೆಯ ವಿಚಾರ. ಎರಡು ವಿಮೆಗಳಿದ್ದಾಗ ಬಿಲ್ಲು ಮೊದಲು ಮೆಡಿಕೇರ್‌ಗೆ ಹೋಗಬೇಕು, ಅದು ಕೊಟ್ಟು ಉಳಿದದ್ದು ಮೆಡಿ-ಕ್ಯಾಲ್‌ಗೆ ಹೋಗಬೇಕು. ಬೇರೆ ಯಾರೂ ಕೊಡದೆ ಉಳಿದದ್ದಕ್ಕೆ ಮಾತ್ರ ಮೆಡಿ-ಕ್ಯಾಲ್ ಕೈಹಾಕುತ್ತದೆ. ಆಸ್ಪತ್ರೆ, ವೈದ್ಯರು, ಲ್ಯಾಬ್, ಸ್ಕ್ಯಾನ್, ಔಷಧಿ ಮೆಡಿಕೇರ್ ಕಡೆಗೆ. ಹಲ್ಲಿನ ಚಿಕಿತ್ಸೆ, ಸಾಮಾನ್ಯ ಕನ್ನಡಕ, ಶ್ರವಣ ಸಾಧನ, ವೈದ್ಯರು ಬರೆದುಕೊಟ್ಟರೆ ವಯಸ್ಕರ ಡಯಾಪರ್, ದೀರ್ಘಕಾಲದ ನರ್ಸಿಂಗ್ ಹೋಂ ವಾಸ, ಮನೆಯಲ್ಲಿ ಸ್ನಾನ ಮಾಡಿಸಲು, ಅಡುಗೆ ಮಾಡಲು ಬರುವ ಸಹಾಯಕರ ಸಂಬಳ, ಇವೆಲ್ಲ ಮೆಡಿ-ಕ್ಯಾಲ್ ಕಡೆಗೆ. ಮೆಡಿಕೇರ್ ಒಂದೇ ಇರುವ ನಮ್ಮ ಪರಿಚಿತ ಮಧ್ಯಮ ವರ್ಗದ ಹಿರಿಯರು ಹಲ್ಲು ಕಟ್ಟಿಸಲು, ಕಿವಿಯ ಯಂತ್ರ ಕೊಳ್ಳಲು ಸಾವಿರಾರು ಡಾಲರ್ ಕೈಯಿಂದ ಕೊಡುವುದನ್ನು ನೋಡಿದ ಮೇಲೆ ಎರಡನೆಯ ಕಾರ್ಡಿನ ಮಹತ್ವ ನನಗೆ ಚೆನ್ನಾಗಿ ಅರ್ಥವಾಯಿತು. ಆಸ್ಪತ್ರೆಯಿಂದ ನರ್ಸಿಂಗ್ ಹೋಂಗೆ ಹೋದವರ ವಿಷಯವಂತೂ ಇನ್ನೂ ಗಂಭೀರ: ಮೆಡಿಕೇರ್ ಮೊದಲ 20 ದಿನಗಳನ್ನು ಪೂರ್ತಿ ಭರಿಸುತ್ತದೆ, 21ನೆಯ ದಿನದಿಂದ 100ನೆಯ ದಿನದವರೆಗೆ ರೋಗಿ 2025ರಲ್ಲಿ ದಿನಕ್ಕೆ 209.50 ಡಾಲರ್ ಕೊಡಬೇಕಿತ್ತು, ಅದರಾಚೆಗೆ ಮೆಡಿಕೇರ್ ಏನನ್ನೂ ಕೊಡುವುದಿಲ್ಲ.

ಮನೆಯ ಸಹಾಯಕರ ಯೋಜನೆಗೆ ಇಲ್ಲಿ ಐಎಚ್‌ಎಸ್‌ಎಸ್ ಎಂದು ಹೆಸರು. ಕೌಂಟಿಯ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಹಿರಿಯರು ತಾವಾಗಿ ಏಳಬಲ್ಲರೇ, ಬಚ್ಚಲಿಗೆ ಹೋಗಬಲ್ಲರೇ, ಒಲೆಯ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲರು ಎಂದು ನೋಡಿ ಗಂಟೆಗಳನ್ನು ನಿಗದಿ ಮಾಡುತ್ತಾರೆ. ಗರಿಷ್ಠ ಮಿತಿ ತಿಂಗಳಿಗೆ 283 ಗಂಟೆ. ಆ ಕೆಲಸವನ್ನು ಮಗಳೋ ಸೊಸೆಯೋ ಮಾಡಿದರೂ ಸಂಬಳ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೊಂದು ತೊಡಕಿದೆ. ಬಂದವರ ಮುಂದೆ ನಮ್ಮ ಹಿರಿಯರು ತಮ್ಮ ಕಷ್ಟ ಹೇಳಿಕೊಳ್ಳುವುದಿಲ್ಲ. ಮಂಡಿ ಹಿಡಿದುಕೊಂಡು ಗೋಡೆಯ ಆಸರೆಯಲ್ಲಿ ನಡೆಯುವ ತಾಯಿಯವರು ಆ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು, ಬಂದಾಕೆಗೆ ತಾವೇ ಕಾಫಿ ಬೆರೆಸಿ ತಂದುಕೊಟ್ಟು, ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ ಎಂದುಬಿಟ್ಟರು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೂ ಮೌಲ್ಯಮಾಪನಕ್ಕೆ ಮೊದಲು ಹಿರಿಯರ ಜೊತೆ ಕುಳಿತು, ಕೆಟ್ಟ ದಿನ ಹೇಗಿರುತ್ತದೆಯೋ ಹಾಗೆ ಹೇಳಬೇಕೆಂದು ತಿಳಿಸಿರುವುದು ಅಗತ್ಯ.

ಬೇರೆ ಬೇರೆಯಾಗಿ ಎರಡು ವಿಮೆಗಳಿದ್ದ ತಿಂಗಳುಗಳಲ್ಲಿ ನಮ್ಮನ್ನು ಅತಿಯಾಗಿ ಕಾಡಿದ್ದು ಬರಬಾರದ ಬಿಲ್ಲುಗಳು. ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಆದ ಮೇಲೆ ಮೆಡಿಕೇರ್ ಒಂದು ಜೊತೆ ಕನ್ನಡಕವನ್ನೂ ಕೊಟ್ಟಿತು. ಶಸ್ತ್ರಚಿಕಿತ್ಸೆಯ ನಂತರದ ಕನ್ನಡಕಕ್ಕೆ ಮಾತ್ರ ಮೆಡಿಕೇರ್ ಹಣ ಕೊಡುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಕೆಲವು ವಾರಗಳ ಮೇಲೆ ಆ ಕಣ್ಣಿನ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಿಂದ ಶೇಕಡ 20ರ ಪಾಲು ಬಾಕಿಯಿದೆ, ಕಟ್ಟದಿದ್ದರೆ ವಸೂಲಿಗೆ ಕಳಿಸುತ್ತೇವೆ ಎಂಬ ಕಾಗದ ಬಂತು. ಸಾಲವೆಂದರೆ ನಿದ್ದೆಗೆಡುವ ತಾಯಿಯವರು ಪಿಂಚಣಿಯಿಂದ ಕಟ್ಟಿಬಿಡು ಎಂದು ಒತ್ತಾಯಿಸಿದರು. ಕಟ್ಟಬೇಕಾಗಿರಲಿಲ್ಲ. ಕ್ಯೂಎಂಬಿ ಇರುವ ರೋಗಿಯಿಂದ ಮೆಡಿಕೇರ್ ಪಾಲಿನ ಆಚೆಗೆ ಡಿಡಕ್ಟಿಬಲ್ ಆಗಲಿ ಶೇಕಡಾವಾರು ಪಾಲಾಗಲಿ ಕೇಳುವುದನ್ನು ಕೇಂದ್ರ ಕಾನೂನು ನಿಷೇಧಿಸಿದೆ; ಆ ವೈದ್ಯರು ಮೆಡಿ-ಕ್ಯಾಲ್ ಸ್ವೀಕರಿಸುವವರಲ್ಲದಿದ್ದರೂ ನಿಷೇಧ ಅನ್ವಯಿಸುತ್ತದೆ. ಮೆಡಿಕೇರ್ ಕಳಿಸುವ ಲೆಕ್ಕದ ಪತ್ರದಲ್ಲಿ ರೋಗಿ ಕ್ಯೂಎಂಬಿಗೆ ಸೇರಿದವರು, ಕೊಡಬೇಕಾದದ್ದು ಸೊನ್ನೆ ಎಂದು ಬರೆದಿರುತ್ತದೆ. ಆ ಪುಟದ ಪ್ರತಿಯನ್ನು ಕಳಿಸಿ ಫೋನ್ ಮಾಡಿದಾಗ ಬಿಲ್ಲು ರದ್ದಾಯಿತು. ಇಂಥ ಸಂದರ್ಭದಲ್ಲಿ ಆಸ್ಪತ್ರೆ ಒಪ್ಪದಿದ್ದರೆ ಮೆಡಿಕೇರ್‌ನ ಉಚಿತ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು, ಅವರೇ ಆಸ್ಪತ್ರೆಗೆ ಬರೆಯುತ್ತಾರೆ. ಈ ಕಾನೂನು ಗೊತ್ತಿಲ್ಲದೆ, ಮರ್ಯಾದೆಗೆ ಅಂಜಿ, ಕೊಡಬೇಕಾಗಿಲ್ಲದ ಹಣವನ್ನು ಕೊಟ್ಟ ಹಿರಿಯರು ನಮ್ಮ ನಡುವೆ ಎಷ್ಟು ಜನರಿದ್ದಾರೋ ಎಂದು ಯೋಚಿಸಿದರೆ ನೋವಾಗುತ್ತದೆ.

ಆದರೆ ವೈದ್ಯರ ಕಡೆಯ ಮಾತನ್ನೂ ಹೇಳಬೇಕು. ಒಂದು ಭೇಟಿಗೆ ಮೆಡಿಕೇರ್ ಒಪ್ಪಿದ ದರ 100 ಡಾಲರ್ ಎಂದಿಟ್ಟುಕೊಳ್ಳೋಣ. ಮೆಡಿಕೇರ್ 80 ಡಾಲರ್ ಕೊಡುತ್ತದೆ. ಉಳಿದ 20 ಡಾಲರನ್ನು ಮೆಡಿ-ಕ್ಯಾಲ್ ಕೊಡಬೇಕಾದರೆ ತನ್ನ ದರಪಟ್ಟಿಯನ್ನು ನೋಡುತ್ತದೆ. ಅದರಲ್ಲಿ ಅದೇ ಭೇಟಿಗೆ 70 ಡಾಲರ್ ಎಂದಿದ್ದರೆ, ವೈದ್ಯರಿಗೆ ಈಗಾಗಲೇ ಅದಕ್ಕಿಂತ ಹೆಚ್ಚು ಸಂದಿದೆ ಎಂದು ಏನನ್ನೂ ಕೊಡುವುದಿಲ್ಲ. ರೋಗಿಯಿಂದ ಕೇಳುವಂತಿಲ್ಲ, ರಾಜ್ಯ ಕೊಡುವುದಿಲ್ಲ, ಆ 20 ಡಾಲರ್ ವೈದ್ಯರಿಗೆ ನಷ್ಟ. ಹೆಚ್ಚು ಕಾಯಿಲೆಯಿರುವ, ಹೆಚ್ಚು ಸಮಯ ಬೇಡುವ ರೋಗಿಗೆ ಕಡಿಮೆ ಹಣ ಸಿಗುವಂತೆ ಸರ್ಕಾರವೇ ಏರ್ಪಾಟು ಮಾಡಿದ ಮೇಲೆ, ಎರಡು ಕಾರ್ಡು ನೋಡಿದ ಕೂಡಲೇ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ ಎನ್ನುವ ಕ್ಲಿನಿಕ್‌ಗಳು ಇರುವುದರಲ್ಲಿ ಆಶ್ಚರ್ಯವಿಲ್ಲ. ಈ ಒಂದು ನಿಯಮವನ್ನು ಸರಿಪಡಿಸದೆ ಬೇರೆ ಏನು ಸುಧಾರಣೆ ಮಾಡಿದರೂ ಒಳ್ಳೆಯ ತಜ್ಞರ ಬಾಗಿಲು ಇವರಿಗೆ ಪೂರ್ತಿ ತೆರೆಯದು ಎಂದೇ ನನ್ನ ನಂಬಿಕೆ.

ಗಾಲಿಕುರ್ಚಿಯ ಪ್ರಸಂಗ ಇನ್ನೊಂದು ಬಗೆಯದು. ಮೆಡಿಕೇರ್ ಗಾಲಿಕುರ್ಚಿ ಕೊಡುವುದು ಮನೆಯ ಒಳಗೆ ಓಡಾಡಲು ಅದು ಅಗತ್ಯವಾದರೆ ಮಾತ್ರ. ಮೆಡಿ-ಕ್ಯಾಲ್‌ನ ನಿಯಮ ಅಷ್ಟು ಬಿಗಿಯಲ್ಲ, ಮನೆಯ ಹೊರಗಿನ ಅಗತ್ಯವನ್ನೂ ಅದು ಪರಿಗಣಿಸುತ್ತದೆ. ಆದರೆ ಮೆಡಿಕೇರ್ ಇಲ್ಲವೆಂದು ಹೇಳಿದ ಪತ್ರ ಕೈಗೆ ಬರುವವರೆಗೆ ಮೆಡಿ-ಕ್ಯಾಲ್ ಅರ್ಜಿಯನ್ನು ನೋಡುವುದಿಲ್ಲ. ಹಣ ಬರುತ್ತದೋ ಇಲ್ಲವೋ ತಿಳಿಯದೆ ಉಪಕರಣದ ಅಂಗಡಿಯವರು ಕುರ್ಚಿಯನ್ನು ಕೊಡುವುದಿಲ್ಲ. ವೈದ್ಯರ ಚೀಟಿ, ಅಂಗಡಿಯವರ ಫಾರಂ, ತಿರಸ್ಕಾರದ ಪತ್ರ, ಮತ್ತೆ ವೈದ್ಯರ ಸಹಿ ಎಂದು ಕಾಗದಗಳು ಸುತ್ತುತ್ತಿದ್ದಷ್ಟು ಕಾಲವೂ ತಾಯಿಯವರು ಮನೆಯ ಮುಂದಿನ ಪಾರ್ಕಿಗೂ ಹೋಗಲಾಗದೆ ಕಿಟಕಿಯ ಬಳಿ ಕುಳಿತಿದ್ದರು. ಎರಡು ವಿಮೆಗಳೂ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ನಡೆದುಕೊಂಡವು, ಯಾರನ್ನೂ ಹೆಸರಿಸಿ ದೂರುವಂತಿಲ್ಲ. ಎರಡನ್ನೂ ಒಟ್ಟಿಗೆ ನೋಡುವವರು ಒಬ್ಬರೂ ಇರಲಿಲ್ಲ, ಅಷ್ಟೇ.

ಔಷಧಿಯ ವಿಭಾಗಕ್ಕೆ ಇಂದು ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ, ಆದರೆ ಅದರ ಆರಂಭ ಕೆಟ್ಟದಾಗಿತ್ತು. 2006ರ ಜನವರಿ 1ರಂದು ಒಂದೇ ರಾತ್ರಿಯಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರ ಔಷಧಿ ವೆಚ್ಚವನ್ನು ಮೆಡಿಕೇಡ್‌ನಿಂದ ಮೆಡಿಕೇರ್‌ನ ಔಷಧಿ ಭಾಗವಾದ ಪಾರ್ಟ್ ಡಿ ಕಡೆಗೆ ವರ್ಗಾಯಿಸಿದಾಗ ಅನೇಕರ ಹೆಸರು ಕಂಪ್ಯೂಟರಿನಲ್ಲಿ ಸಿಗದೆ ಔಷಧಿ ಅಂಗಡಿಯಿಂದ ಬರಿಗೈಯಲ್ಲಿ ಮರಳಿದರು, ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ತುರ್ತಾಗಿ ತಮ್ಮ ಹಣದಿಂದ ಔಷಧಿ ಕೊಡಿಸಬೇಕಾಯಿತು. ಈಗ ಎರಡೂ ವಿಮೆಯಿರುವವರಿಗೆ ಎಕ್ಸ್‌ಟ್ರಾ ಹೆಲ್ಪ್ ಎಂಬ ರಿಯಾಯಿತಿ ಅರ್ಜಿಯಿಲ್ಲದೆ ತಾನಾಗಿ ಬರುತ್ತದೆ. 2025ರಲ್ಲಿ ಬಹಳ ಕಡಿಮೆ ಆದಾಯದವರು ಜೆನೆರಿಕ್ ಔಷಧಿಗೆ ಗರಿಷ್ಠ 1.60 ಡಾಲರ್, ಬ್ರಾಂಡ್ ಔಷಧಿಗೆ ಗರಿಷ್ಠ 4.80 ಡಾಲರ್ ಕೊಟ್ಟರೆ ಸಾಕಿತ್ತು. ತಾವಾಗಿ ಆರಿಸಿಕೊಳ್ಳದವರಿಗೆ ಸರ್ಕಾರ ಯಾವುದಾದರೊಂದು ಔಷಧಿ ಯೋಜನೆಯನ್ನು ಹಂಚುತ್ತದೆ. ರೋಗಿ ನುಂಗುವ ಮಾತ್ರೆಗಳು ಅದರ ಪಟ್ಟಿಯಲ್ಲಿವೆಯೇ ಎಂದು ನೋಡಿ ಹಂಚುವುದಿಲ್ಲ. ಆದ್ದರಿಂದ ಕಾಗದ ಬಂದ ವಾರವೇ ಪಟ್ಟಿಯನ್ನು ಮಾತ್ರೆಗಳ ಡಬ್ಬಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಸರಿಯಿಲ್ಲದಿದ್ದರೆ, 2025ರಿಂದ ಯಾವ ತಿಂಗಳಲ್ಲಾದರೂ ಬೇರೆ ಔಷಧಿ ಯೋಜನೆಗೆ ಬದಲಾಯಿಸಬಹುದು.

ಈಗ ಜೋಡಿ ಯೋಜನೆಯ ವಿಷಯಕ್ಕೆ ಬರುತ್ತೇನೆ. ಎರಡೂ ಇರುವವರಿಗೆಂದೇ ಮೀಸಲಾದ ಡಿ-ಸ್ನಿಪ್ ಯೋಜನೆಗಳಿಗೆ 2003ರ ಕಾನೂನು ಅವಕಾಶ ಕೊಟ್ಟಿತು, 2006ರಿಂದ ಅವು ನಡೆಯುತ್ತಿವೆ. ಎಲ್ಲವೂ ಒಂದೇ ಗುಣಮಟ್ಟದವಲ್ಲ ಎಂಬುದೇ ತೊಂದರೆ. ಕೆಲವು ಹೆಸರಿಗೆ ಮಾತ್ರ ಜೋಡಿ; ಮೆಡಿಕೇರ್ ಭಾಗವನ್ನು ಒಂದು ಕಂಪನಿ ನೋಡಿಕೊಂಡರೆ ಮೆಡಿ-ಕ್ಯಾಲ್ ಭಾಗ ಇನ್ನೊಂದು ಕಂಪನಿಯ ಬಳಿ ಉಳಿಯುತ್ತದೆ. ಎರಡೂ ಭಾಗ ಒಂದೇ ಸಂಸ್ಥೆಯ ಬಳಿ ಇರಲೇಬೇಕು ಎಂಬ ಷರತ್ತಿನ ಮೆಡಿ-ಮೆಡಿ ಪ್ಲಾನ್‌ಗಳು 2023ರಲ್ಲಿ ಸಾಂಟಾ ಕ್ಲಾರಾ, ಸಾನ್ ಮಟೇಯೋ, ಲಾಸ್ ಏಂಜಲೀಸ್ ಸೇರಿದಂತೆ ಏಳು ಕೌಂಟಿಗಳಲ್ಲಿ ಆರಂಭವಾದವು, ಆಮೇಲೆ ಇತರ ಕೌಂಟಿಗಳಿಗೂ ವಿಸ್ತರಿಸಿವೆ. ಸೇರುವುದು ಪೂರ್ತಿ ಐಚ್ಛಿಕ. ಹಿಡಿಸದಿದ್ದರೆ ಮುಂದಿನ ತಿಂಗಳೇ ಸರ್ಕಾರ ನೇರವಾಗಿ ನಡೆಸುವ ಮೂಲ ಮೆಡಿಕೇರ್‌ಗೆ ಹಿಂತಿರುಗಬಹುದು.

ನಾವು ಸೇರಿದ ಯೋಜನೆಯ ಹೆಸರನ್ನು ಹೇಳುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಒಳ್ಳೆಯದೂ ಕೆಟ್ಟದೂ ಬಹುಪಾಲು ಆ ವ್ಯವಸ್ಥೆಯ ಸ್ವಭಾವದಿಂದಲೇ ಬಂದಿವೆ. ಒಳ್ಳೆಯದರಲ್ಲಿ ಮೊದಲನೆಯದು ಒಂದೇ ಕಾರ್ಡು, ಒಂದೇ ಫೋನ್ ನಂಬರು. ಬಿಲ್ಲುಗಳ ಕಾಗದ ಬರುವುದು ಬಹುತೇಕ ನಿಂತುಹೋಯಿತು, ಏಕೆಂದರೆ ವೈದ್ಯರು ಒಬ್ಬರಿಗೇ ಬಿಲ್ಲು ಕಳಿಸಿದರೆ ಸಾಕು. ತಿರಸ್ಕರಿಸಿದರೆ ಮೇಲ್ಮನವಿಯ ದಾರಿಯೂ ಒಂದೇ. ಎಲ್ಲಕ್ಕಿಂತ ಮೇಲಿನ ಲಾಭ ಕೇರ್ ಕೋಆರ್ಡಿನೇಟರ್ ಎಂಬ ಒಬ್ಬ ವ್ಯಕ್ತಿ. ನಮಗೆ ಸಿಕ್ಕಾಕೆ ಒಬ್ಬ ನರ್ಸ್. ಮೊದಲ ಕರೆಯಲ್ಲೇ ಅವರು ಮಗಳಾದ ನನ್ನನ್ನು ಬಿಟ್ಟು ತಾಯಿಯವರ ಜೊತೆಯೇ ಮಾತನಾಡಬೇಕೆಂದು ಕೇಳಿ, ಕನ್ನಡ ಬಲ್ಲ ದುಭಾಷಿಯನ್ನು ಫೋನಿನಲ್ಲಿ ಕರೆಸಿದರು. ಊಟ, ನಿದ್ದೆ, ಬೀಳುವ ಭಯ, ಮಾತ್ರೆ ಎಂದು ಮಾತು ಸಾಗುತ್ತಿದ್ದಾಗ ತಾಯಿಯವರು, ಬಿಪಿ ಮಾತ್ರೆ ನುಂಗಿದರೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ, ಅದಕ್ಕೇ ಕೆಲವು ಕಾಲದಿಂದ ಅರ್ಧ ಮಾತ್ರ ನುಂಗುತ್ತಿದ್ದೇನೆ, ಮಗಳಿಗೆ ಹೇಳಿಲ್ಲ, ಅವಳಿಗೆ ಕೆಲಸವೇ ಸಾಕಷ್ಟಿದೆ, ಎಂದು ಆ ಅಪರಿಚಿತ ದನಿಗೆ ಹೇಳಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅದೇ ವಾರ ವೈದ್ಯರು ಮಾತ್ರೆಯನ್ನು ಬದಲಿಸಿದರು. ಆ ಒಂದು ಕರೆಯಿಂದ ತಪ್ಪಿದ ಅನಾಹುತ ಏನಿರಬಹುದೆಂದು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೆಡಿ-ಕ್ಯಾಲ್ ಪತ್ರಗಳ ಜೊತೆ ಬರುವ ಭಾಷಾ ಸಹಾಯದ ಹಾಳೆಯಲ್ಲಿ ಹಿಂದಿ, ಪಂಜಾಬಿ ಇವೆ, ಕನ್ನಡವಿಲ್ಲ. ಆದರೆ ಹಾಳೆಯಲ್ಲಿ ಇಲ್ಲದ ಭಾಷೆಗೂ ಫೋನಿನ ದುಭಾಷಿಯನ್ನು ಉಚಿತವಾಗಿ ಕೇಳುವ ಹಕ್ಕಿದೆ. ಕೇಳಿದಾಗ ಹಿಂದಿ ಆಗಬಹುದೇ ಎನ್ನುತ್ತಾರೆ. ಆಗುವುದಿಲ್ಲ, ಕನ್ನಡವೇ ಬೇಕು ಎಂದು ಸ್ಪಷ್ಟವಾಗಿ ಹೇಳಿ ಕಾಯಬೇಕು. ಮಕ್ಕಳೇ ಅನುವಾದ ಮಾಡುವುದಕ್ಕೂ ಬೇರೆಯವರು ಮಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಆ ಕರೆ ನನಗೆ ತೋರಿಸಿದೆ.

ಕೆಟ್ಟದ್ದೂ ಇದೆ. ಜೋಡಿ ಯೋಜನೆಗೆ ಸೇರಿದ ಮೇಲೆ ಅದರ ಪಟ್ಟಿಯಲ್ಲಿರುವ ವೈದ್ಯರನ್ನೇ ನೋಡಬೇಕು. ತಾಯಿಯವರ ಹೃದ್ರೋಗ ತಜ್ಞರು ಪಟ್ಟಿಯಲ್ಲಿರಲಿಲ್ಲ. ಈಗಾಗಲೇ ನೋಡುತ್ತಿರುವ ವೈದ್ಯರು ಯೋಜನೆಯ ದರಕ್ಕೆ ಒಪ್ಪಿದರೆ 12 ತಿಂಗಳವರೆಗೆ ಅವರ ಬಳಿಯೇ ಮುಂದುವರಿಯಲು ಅನುಮತಿ ಕೇಳಬಹುದು. ನಾವು ಕೇಳಿ ಪಡೆದೆವು, ಆದರೆ ಈ ಅವಕಾಶ ಇದೆಯೆಂದು ಸೇರಿಸಿಕೊಳ್ಳುವಾಗ ಏಜೆಂಟ್ ಒಂದು ಮಾತೂ ಹೇಳಲಿಲ್ಲ. ಮೂಲ ಮೆಡಿಕೇರ್‌ನಲ್ಲಿ ವೈದ್ಯರು ಬರೆದ ಕೂಡಲೇ ಆಗುತ್ತಿದ್ದ ಸ್ಕ್ಯಾನ್‌ಗೆ ಇಲ್ಲಿ ಮುಂಚಿತವಾಗಿ ಅನುಮತಿ ಬೇಕು. ನಮ್ಮ ಮೆಚ್ಚಿನ ಕೋಆರ್ಡಿನೇಟರ್ ಕೆಲಸ ಬಿಟ್ಟುಹೋದ ಮೇಲೆ ಬಂದವರು ಫೋನ್ ಎತ್ತುವುದೇ ಅಪರೂಪ. ಹಿಂದಿನಾಕೆ ಮಾಡಿದ ಆರೈಕೆ ಯೋಜನೆಯ ಪ್ರತಿಯನ್ನು ನಾವು ಇಟ್ಟುಕೊಂಡಿದ್ದರಿಂದ ಮೊದಲಿನಿಂದ ಎಲ್ಲವನ್ನೂ ಹೇಳುವ ಕಷ್ಟ ತಪ್ಪಿತು. ಹೀಗಾಗಿ ನನ್ನ ಶಿಫಾರಸು ಷರತ್ತುಬದ್ಧವಾದದ್ದು. ಹಿರಿಯರ ಮುಖ್ಯ ವೈದ್ಯರು ಪಟ್ಟಿಯಲ್ಲಿದ್ದರೆ, ಅವರ ಅಗತ್ಯಗಳು ಆಸ್ಪತ್ರೆ, ಮನೆಯ ಸಹಾಯ, ಉಪಕರಣ ಎಂದು ಎರಡೂ ವಿಮೆಗಳ ನಡುವೆ ಹಂಚಿಹೋಗಿದ್ದರೆ ಜೋಡಿ ಯೋಜನೆಗೆ ಸೇರಿ. ಕ್ಯಾನ್ಸರ್‌ನಂಥ ಕಾಯಿಲೆಗೆ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದು ಆ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಖಂಡಿತ ಸೇರಬೇಡಿ. ತೀರಾ ಅಶಕ್ತರಾದವರಿಗೆ ಪೇಸ್ ಎಂಬ ಇನ್ನೊಂದು ಏರ್ಪಾಟಿದೆ. 1970ರ ದಶಕದಲ್ಲಿ ಸಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ ಆನ್ ಲೋಕ್ ಸಂಸ್ಥೆ ರೂಪಿಸಿದ ಮಾದರಿ ಅದು, ವೈದ್ಯರು, ನರ್ಸ್, ವಾಹನ, ಹಗಲಿನ ಕೇಂದ್ರ ಎಲ್ಲವೂ ಒಂದೇ ತಂಡದ ಕೈಯಲ್ಲಿರುತ್ತದೆ.

ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗಿನ ನೋಂದಣಿ ಕಾಲದಲ್ಲಿ ದಿನಸಿ ಕಾರ್ಡು, ಉಚಿತ ಜಿಮ್ ಎಂದು ಫೋನ್ ಮಾಡುವ ಏಜೆಂಟರ ಮಾತಿಗೆ ಹೂಂ ಎನ್ನದಂತೆ ಹಿರಿಯರಿಗೆ ಹೇಳಿಡಬೇಕು. ಒಂದು ಹೂಂ ಸಾಕು, ಯೋಜನೆಯೇ ಬದಲಾಗಿಬಿಡುತ್ತದೆ. ಯಾವ ಕಂಪನಿಯ ಪರವಾಗಿಯೂ ಇಲ್ಲದ ಸಲಹೆ ಬೇಕಾದರೆ ಪ್ರತಿ ಕೌಂಟಿಯಲ್ಲೂ ಹೈಕ್ಯಾಪ್ ಎಂಬ ಉಚಿತ ಸಲಹಾ ಸೇವೆಯಿದೆ. ನಮ್ಮ ಎಲ್ಲ ಅನುಭವದಲ್ಲಿ ಪೂರ್ಣ ಅಂಕ ಕೊಡಬಹುದಾದದ್ದು ಅದೊಂದಕ್ಕೇ. ಎರಡು ಕಾಗದಗಳಲ್ಲಿ ಬರೆದಿದ್ದ ಪರಸ್ಪರ ವಿರುದ್ಧ ಮಾತುಗಳನ್ನು ಅಲ್ಲಿನ ಸ್ವಯಂಸೇವಕರೊಬ್ಬರು ಸಾಲು ಸಾಲಾಗಿ ಓದಿ, ಯಾವುದು ಹಳೆಯದು, ಯಾವುದು ಊರ್ಜಿತ ಎಂದು ತಿಳಿಸಿದರು.

ಸತ್ತ ಮೇಲೆ ಸರ್ಕಾರ ಮನೆಯನ್ನು ಕಸಿದುಕೊಳ್ಳುತ್ತದೆ ಎಂಬ ಭಯದಿಂದ ಅರ್ಜಿಯನ್ನೇ ಹಾಕದವರಿದ್ದಾರೆ. ಕ್ಯಾಲಿಫೋರ್ನಿಯಾ 2017ರಿಂದ ಈ ವಸೂಲಿಯನ್ನು ಬಹಳ ಸೀಮಿತಗೊಳಿಸಿದೆ: ನರ್ಸಿಂಗ್ ಹೋಂನಂಥ ಕೆಲವು ಸೇವೆಗಳ ವೆಚ್ಚವನ್ನು ಮಾತ್ರ, ಅದೂ ಪ್ರೊಬೇಟ್‌ಗೆ, ಅಂದರೆ ಸತ್ತವರ ಆಸ್ತಿಯನ್ನು ನ್ಯಾಯಾಲಯದ ಮೂಲಕ ಹಂಚುವ ಪ್ರಕ್ರಿಯೆಗೆ, ಒಳಪಡುವ ಆಸ್ತಿಯಿಂದ ಮಾತ್ರ ಕೇಳಬಹುದು. ಮಕ್ಕಳ ಹೆಸರಿನಲ್ಲಿರುವ ಮನೆಯಲ್ಲಿ ವಾಸಿಸುವ ಹಿರಿಯರಿಗೆ ಈ ಭಯಕ್ಕೆ ಆಧಾರವೇ ಇಲ್ಲ.

ಆದರೆ ಆಸ್ತಿಯ ಬಗ್ಗೆ ಎಚ್ಚರ ಬೇಕಾದದ್ದು ಬೇರೊಂದು ಕಾರಣಕ್ಕೆ. 2024ರ ಜನವರಿಯಲ್ಲಿ ರಾಜ್ಯ ತೆಗೆದುಹಾಕಿದ್ದ ಆಸ್ತಿ ಮಿತಿ 2026ರ ಜನವರಿ 1ರಿಂದ ಮತ್ತೆ ಬಂದಿದೆ: ಒಬ್ಬರಿಗೆ 1,30,000 ಡಾಲರ್. ವಾಸದ ಮನೆ, ಒಂದು ಕಾರು ಲೆಕ್ಕಕ್ಕಿಲ್ಲ. ಊರಿನಲ್ಲಿರುವ ಸೈಟು, ಜಂಟಿ ಖಾತೆಯ ಠೇವಣಿ, ಅಣ್ಣತಮ್ಮಂದಿರೊಡನೆ ಪಾಲಾಗದ ತೋಟ, ಇವುಗಳ ವಿವರವನ್ನು ವಾರ್ಷಿಕ ನವೀಕರಣದ ಫಾರಂ ಬರುವ ಮೊದಲೇ ಬರೆದಿಟ್ಟುಕೊಂಡು, ಅನುಮಾನವಿದ್ದರೆ ಹೈಕ್ಯಾಪ್‌ನವರನ್ನು ಅಥವಾ ಉಚಿತ ಕಾನೂನು ನೆರವಿನವರನ್ನು ಕೇಳಬೇಕು. ಆ ಫಾರಂ ತಪ್ಪಿಸಿದರೆ ಮೆಡಿ-ಕ್ಯಾಲ್ ನಿಲ್ಲುತ್ತದೆ, ಅದರ ಹಿಂದೆಯೇ ರಾಜ್ಯ ಕಟ್ಟುತ್ತಿದ್ದ ಪ್ರೀಮಿಯಂ ನಿಲ್ಲುತ್ತದೆ, ಜೋಡಿ ಯೋಜನೆಯೂ ಕೆಲವು ತಿಂಗಳಲ್ಲಿ ಕೈಬಿಡುತ್ತದೆ. ನಿಂತ 90 ದಿನಗಳ ಒಳಗೆ ಕಾಗದ ಕೊಟ್ಟರೆ ಹೊಸ ಅರ್ಜಿಯಿಲ್ಲದೆ ಮತ್ತೆ ಸೇರಿಸಿಕೊಳ್ಳುತ್ತಾರೆ.

ಚಳಿಗಾಲ ಕಳೆಯಲು ಊರಿಗೆ ಹೋಗುವವರು ಕಡೆಯದಾಗಿ ಇದನ್ನು ಗಮನಿಸಬೇಕು. ಈ ಎರಡು ವಿಮೆಗಳಲ್ಲಿ ಯಾವುದೂ ಭಾರತದಲ್ಲಿ ಆಗುವ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಜೋಡಿ ಯೋಜನೆಯಿಂದ ಹೆಸರು ತೆಗೆಯುತ್ತಾರೆ, ಎಸ್‌ಎಸ್‌ಐ ಎಂಬ, ಆದಾಯ ಕಡಿಮೆಯಿರುವವರಿಗೆ ಕೇಂದ್ರ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು ಪಡೆಯುವವರಿಗೆ ಸತತ 30 ದಿನ ದೇಶದಿಂದ ಹೊರಗಿದ್ದರೇ ಅದು ನಿಲ್ಲುತ್ತದೆ, ದೀರ್ಘ ಪ್ರಯಾಣವನ್ನು ಕೌಂಟಿಗೆ ಮುಂಚೆಯೇ ತಿಳಿಸಬೇಕು. ತಾಯಿಯವರು ಕಳೆದ ಬಾರಿ ಮೈಸೂರಿಗೆ ಹೊರಟಾಗ ಮೂರು ತಿಂಗಳ ಮಾತ್ರೆಗಳಿಗೆ ಯೋಜನೆಯಿಂದ ಮೊದಲೇ ಅನುಮತಿ ಪಡೆದು, ಪ್ರಯಾಣ ವಿಮೆಯನ್ನು ಪ್ರತ್ಯೇಕವಾಗಿ ಕೊಂಡೆವು. ಅದರ ಹಣವನ್ನು ಅವರು ತಮ್ಮ ಪಿಂಚಣಿಯಿಂದಲೇ ಕೊಟ್ಟರು.